ಹೊಳೆ ದಾಟಿದ ಮೇಲೂ ಅಂಬಿಗನ ನೆನಪಿರಲಿ

ಸೋದರಿಯರೇ, ಮಗು ಹುಟ್ಟಿದ 24 ಗಂಟೆಯೊಳಗೆ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ಚುಚ್ಚುಮದ್ದು ಹಾಕುತ್ತಾರಲ್ಲ, ಆ ಲಸಿಕೆ ಮೊದಲು ಯಾರ ಮೈಮೇಲೆ ಪರೀಕ್ಷೆಯಾಯಿತು ಗೊತ್ತೇ? 1970ರ ದಶಕದಲ್ಲಿ, ಅಮೆರಿಕದ ಪ್ರಯೋಗಾಲಯಗಳಲ್ಲಿದ್ದ ಚಿಂಪಾಂಜಿಗಳ ಮೇಲೆ. ಈ ಕಾಯಿಲೆ ಮನುಷ್ಯರಿಗೆ ತಗಲುವಂತೆಯೇ ಅವಕ್ಕೂ ತಗಲುತ್ತದೆ, ಅದಕ್ಕೇ ಅವು ಬೇಕಾದವು. ಲಸಿಕೆ ಬಂತು, ನಮ್ಮ ಮಕ್ಕಳಿಗೆ ರಕ್ಷಣೆ ಸಿಕ್ಕಿತು. ಆ ಪ್ರಾಣಿಗಳು ಆಮೇಲೆ ಎಲ್ಲಿ ಹೋದವು ಅಂತ ಯಾರು ಕೇಳುತ್ತಾರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಗಾದೆಯೇ ಇದೆಯಲ್ಲ!

ಆದರೆ ಪ್ರಯೋಗ ಮುಗಿದರೂ ಪ್ರಾಣಿಯ ಆಯುಸ್ಸು ಮುಗಿಯುವುದಿಲ್ಲ. ಚಿಂಪಾಂಜಿ ಐವತ್ತು ವರ್ಷದವರೆಗೂ ಬದುಕಬಲ್ಲ ಜೀವ. 1961ರ ಜನವರಿ 31ರಂದು ಹ್ಯಾಮ್ ಎಂಬ ಚಿಂಪಾಂಜಿಯನ್ನು ಅಮೆರಿಕದವರು ರಾಕೆಟ್ಟಿನಲ್ಲಿ ಕೂರಿಸಿ ಅಂತರಿಕ್ಷಕ್ಕೆ ಕಳಿಸಿದ್ದರು, ಅದು ಜೀವಂತವಾಗಿ ಮರಳಿತು. ಆಮೇಲೆ ಮನುಷ್ಯರೇ ಹಾರತೊಡಗಿದರು. ವಾಯುಪಡೆಯವರ ಬಳಿ ಉಳಿದ ಚಿಂಪಾಂಜಿಗಳು ಔಷಧ ಪ್ರಯೋಗಗಳಿಗೆ ಬಾಡಿಗೆಗೆ ಹೋದವು!

ಇದನ್ನು ನೋಡಿ ಸುಮ್ಮನಿರಲಾರದೆ ಹೊರಟವರು ಒಬ್ಬ ಹೆಂಗಸು, ಕ್ಯಾರೊಲ್ ನೂನ್ ಎಂಬ ಮಾನವಶಾಸ್ತ್ರಜ್ಞೆ. 1997ರಲ್ಲಿ ‘ಸೇವ್ ದ ಚಿಂಪ್ಸ್’ ಸಂಸ್ಥೆ ಕಟ್ಟಿದರು. ವಾಯುಪಡೆಯ ಮೇಲೆ ದಾವೆ ಹೂಡಿ 21 ಚಿಂಪಾಂಜಿಗಳನ್ನು ಬಿಡಿಸಿಕೊಂಡರು. 2002ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಎಂಬಲ್ಲಿನ ಪ್ರಯೋಗಾಲಯ ದಿವಾಳಿಯ ಅಂಚಿಗೆ ಬಂದಾಗ, ಅಲ್ಲಿದ್ದ 266 ಚಿಂಪಾಂಜಿಗಳ ಹೊಣೆಯನ್ನೂ ತಲೆಯ ಮೇಲೆ ಹೊತ್ತರು.

ಬಾಗಿಲು ತೆಗೆದು ಬಿಟ್ಟರಾಯಿತಲ್ಲ ಅಂತೀರಾ? ಅಲ್ಲೇ ಇರುವುದು ಕಷ್ಟ. ವರ್ಷಗಟ್ಟಲೆ ಪಂಜರದಲ್ಲಿ ಒಂಟಿಯಾಗಿದ್ದವನ್ನು ಒಮ್ಮೆಲೇ ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಕಾಡಿಗೆ ಕಳಿಸೋಣವೆಂದರೆ ಕಾಡಿನ ಬಾಳ್ವೆಯೇ ತಿಳಿಯದು. ಹಾಗಾಗಿ ನೂನ್ ಅವರು ಮೊದಲು ಮಾಡಿದ್ದು ಮನೆವಾರ್ತೆಯ ಕೆಲಸ. ಹೊಟ್ಟೆಗೆ ಒಳ್ಳೆಯ ಹಣ್ಣು ತರಕಾರಿ, ಹೊದೆಯಲು ಕಂಬಳಿ. ಆಮೇಲೆ ಅಕ್ಕಪಕ್ಕದವುಗಳ ಪರಿಚಯ. ಹೊಸ ಸೊಸೆ ತುಂಬಿದ ಮನೆಗೆ ಒಗ್ಗಿಕೊಳ್ಳುವ ಹಾಗೆ, ಒಂದೊಂದಾಗಿ, ನಿಧಾನವಾಗಿ ಕೂಡಿಸಿ ಸಂಸಾರಗಳನ್ನೇ ಕಟ್ಟಿದರು. ಒಗ್ಗಿಕೊಂಡ ಗುಂಪುಗಳನ್ನು ವಾಹನದಲ್ಲಿ ದೂರದ ಫ್ಲಾರಿಡಾದ ಫೋರ್ಟ್ ಪಿಯರ್ಸ್ ಆಶ್ರಯಧಾಮಕ್ಕೆ ಸಾಗಿಸಿದರು. ಅಲ್ಲಿ ಸುಮಾರು ಮೂರು ಮೂರು ಎಕರೆಯ 12 ದ್ವೀಪಗಳು. ಚಿಂಪಾಂಜಿಗೆ ಈಜು ಬಾರದು, ಆದ್ದರಿಂದ ಸುತ್ತಲಿನ ನೀರೇ ಬೇಲಿ.

ಅಷ್ಟಾದರೂ ಕೆಲವು ಹುಲ್ಲಿನ ಮೇಲೆ ಕಾಲಿಡಲು ಹೆದರಿದವಂತೆ. ಸಿಮೆಂಟು ನೆಲ ಬಿಟ್ಟು ಬೇರೆ ಕಂಡಿದ್ದರೆ ತಾನೇ! ಯಾರೂ ಅವನ್ನು ತಳ್ಳಲಿಲ್ಲ, ಎಳೆಯಲಿಲ್ಲ. ಕೊನೆಯ ತಂಡ ಬಂದು ಸೇರಿದ್ದು 2011ರಲ್ಲಿ. ಅದನ್ನು ನೋಡಲು ನೂನ್ ಇರಲಿಲ್ಲ, 2009ರಲ್ಲೇ ತೀರಿಕೊಂಡಿದ್ದರು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗಕ್ಕೆ ನೆರವನ್ನೇ ನಿಲ್ಲಿಸಿತು.

ಅದು ಅಮೆರಿಕದ ಮಾತಾಯಿತು, ನಮ್ಮಲ್ಲಿ? ನಮ್ಮಲ್ಲೂ 2006ರ ನಿಯಮದ ಪ್ರಕಾರ, ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆ, ಪುನರ್ವಸತಿ ಪ್ರಯೋಗ ಮಾಡಿದವರದೇ ಜವಾಬ್ದಾರಿ, ಅದರ ಖರ್ಚು ಸಂಶೋಧನೆಯ ಖರ್ಚಿನಲ್ಲೇ ಸೇರಬೇಕು. ಔಷಧ ಪರೀಕ್ಷೆಗೆ ಹೆಚ್ಚಾಗಿ ಬಳಸುವ ನಾಯಿ ಬೀಗಲ್. ಸಾಧು ಸ್ವಭಾವ, ಚಿಕ್ಕ ಗಾತ್ರ, ಅದೇ ಅದರ ದುರದೃಷ್ಟ. ಹೀಗೆ ಬಿಡುಗಡೆಯಾದ ಬೀಗಲ್‌ಗಳಿಗೆ ಮನೆ ಹುಡುಕಿ ಕೊಡುವ ಕೆಲಸವನ್ನು ಬೆಂಗಳೂರಿನ ಕ್ಯೂಪಾ ಸಂಸ್ಥೆ ಮಾಡುತ್ತಾ ಬಂದಿದೆ.

ಅಂಥದ್ದೊಂದನ್ನು ಮನೆಗೆ ತರುವ ಮನಸ್ಸಿದ್ದರೆ ಇಷ್ಟು ನೆನಪಿಡಿ. ಅದಕ್ಕೆ ಮೆಟ್ಟಿಲು, ಬೀದಿಯ ಗದ್ದಲ, ಕುಕ್ಕರಿನ ಸೀಟಿ ಎಲ್ಲವೂ ಹೊಸದು. ಮೂಲೆಯಲ್ಲಿ ಮೆತ್ತಗೆ ಹಾಸಿಕೊಡಿ. ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಮಕ್ಕಳು ತಬ್ಬಿಕೊಳ್ಳದಿರಲಿ, ಅದೇ ಹತ್ತಿರ ಬರಲಿ. ಮನೆಯೊಳಗೇ ಗಲೀಜು ಮಾಡೀತು, ಬೈಯದೆ ಹೊತ್ತು ಹೊತ್ತಿಗೆ ಹೊರಗೆ ಕರೆದೊಯ್ಯಿರಿ. ದಾರಕ್ಕೆ ಒಗ್ಗುವವರೆಗೆ ರಸ್ತೆಗಿಳಿಸಬೇಡಿ, ಬೆದರಿ ಓಡಿದರೆ ದಾರಿ ತಿಳಿಯದು. ಹಬ್ಬದ ಉತ್ಸಾಹದಲ್ಲಿ ತಂದು, ತಿಂಗಳಾದ ಮೇಲೆ ಬೇಡವೆನ್ನುವವರು ದಯವಿಟ್ಟು ತರಲೇಬೇಡಿ. ಅದು ಈಗಾಗಲೇ ಸಾಕಷ್ಟು ಸಹಿಸಿದೆ.

ಬಾಡಿಗೆ ಮನೆ, ಮುದಿ ಅತ್ತೆ, ಕೈಕೂಸು ಇರುವವರಿಗೆ ಇದೆಲ್ಲ ಆಗದ ಮಾತು, ಬೇಸರ ಬೇಡ. ಹಳೆಯ ಕಂಬಳಿ ತೊಳೆದು ಹತ್ತಿರದ ಪ್ರಾಣಿ ಆಶ್ರಯಕ್ಕೆ ಕೊಟ್ಟರೂ ಸಾಕು. ಮಕ್ಕಳಿಗೆ ಲಸಿಕೆಯನ್ನಂತೂ ತಪ್ಪಿಸಬೇಡಿ. ಅದರ ಬೆಲೆಯನ್ನು ಮೂಕಪ್ರಾಣಿಗಳು ಆಗಲೇ ಕೊಟ್ಟಿವೆ. ಉಳಿದ ಋಣವನ್ನು ತೀರಿಸುವುದು ನಮ್ಮ ಪಾಲಿಗಿದೆ.