ತಿದ್ದಿ ಬೆಳೆದ ‘ಭೂಮಿ’

ಹೊಸದಾಗಿ ತೋಡಿದ ಕಾಲುವೆಗೆ ಮೊದಲ ದಿನವೇ ತುಂಬುನೀರು ಬಿಡುವ ನೀರಗಂಟಿ ಎಲ್ಲಿಯೂ ಇಲ್ಲ. ಮೊದಲು ಪಾದ ಮುಳುಗುವಷ್ಟು ನೀರು. ಏರಿ ಎಲ್ಲಿ ಜಿನುಗುತ್ತದೆ, ಎಲ್ಲಿ ಇಲಿಬಿಲವಿದೆ ಎಂಬುದನ್ನು ನೋಡಿ ಮಣ್ಣು ಮೆತ್ತಿದ ಮೇಲೆ ಇನ್ನಷ್ಟು ನೀರು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಊರಿನಲ್ಲಿ ಈ ವಿವೇಕವನ್ನು ಯಾರೂ ಪುಸ್ತಕ ಓದಿ ಕಲಿಯಬೇಕಾಗಿಲ್ಲ. ರೈತನಾಯಕ ಕೆ. ಎಸ್. ಪುಟ್ಟಣ್ಣಯ್ಯನವರ ಊರದು. ಅವರ ಪುತ್ರ ದರ್ಶನ್ ಪುಟ್ಟಣ್ಣಯ್ಯನವರು ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿ, ಬಳಿಕ 2023ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದರು. ನೇಗಿಲಿಗೂ ಗಣಕಯಂತ್ರಕ್ಕೂ ನಂಟು ಬೆಳೆದ ಕಾಲವಿದು.

ಕಂಪ್ಯೂಟರಿಗೆ ಕೆಲಸ ಹೇಳಿಕೊಡುವ ಸೂಚನೆಗಳ ಕಟ್ಟಿಗೆ ಸಾಫ್ಟ್‌ವೇರ್ ಎಂದು ಹೆಸರು. ಅದನ್ನು ಕಟ್ಟುವವರೂ ಈಗ ನೀರಗಂಟಿಯ ದಾರಿಯನ್ನೇ ಹಿಡಿದಿದ್ದಾರೆ. ಇಡೀ ಕೆಲಸವನ್ನು ಮುಗಿಸಿ ಒಮ್ಮೆಗೇ ಒಪ್ಪಿಸುವುದರ ಬದಲು, ಸ್ವಲ್ಪ ಮಾಡಿ, ಬಳಸುವವನ ಕೈಗಿತ್ತು, ಅವನು ತೋರಿಸಿದ ತಪ್ಪನ್ನು ತಿದ್ದಿಕೊಂಡು ಮುಂದುವರಿಯುತ್ತಾರೆ. ಹೀಗೆ ಮಾಡದಿದ್ದರೆ ಏನಾಗುತ್ತದೆ, ಮಾಡಿದರೆ ಏನಾಗುತ್ತದೆ ಎಂಬೆರಡಕ್ಕೂ ಕನ್ನಡನಾಡಿನ ಪಹಣಿಯ ಕಥೆಗಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಪಹಣಿಯೆಂದರೆ ಸಾಮಾನ್ಯ ಕಾಗದವಲ್ಲ. ಹೊಲ ಯಾರದು, ಎಷ್ಟು ಎಕರೆ, ಎಷ್ಟು ಗುಂಟೆ, ಏನು ಬೆಳೆ, ಮೇಲೆ ಯಾವ ಸಾಲ ಎಂಬುದೆಲ್ಲ ಅದರಲ್ಲಿ ಅಡಗಿದೆ. ಬ್ಯಾಂಕಿನವರು ಸಾಲ ಕೊಡಬೇಕಾದರೂ, ಅಣ್ಣತಮ್ಮಂದಿರು ಪಾಲಾಗಬೇಕಾದರೂ ಅದು ಬೇಕು. ಪಟ್ಟಣದಲ್ಲಿ ನೆಲಸಿದ ಎಷ್ಟೋ ಸಂಸಾರಗಳಿಗೆ ಹುಟ್ಟಿದೂರಿನ ಜೊತೆ ಉಳಿದಿರುವ ಕೊನೆಯ ಎಳೆಯೂ ಅದೇ. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ಕೊನೆಗೊಂಡ ಮೇಲೆ ಈ ಲೆಕ್ಕಪುಸ್ತಕಗಳು ಗ್ರಾಮಲೆಕ್ಕಿಗರ ಕೈಗೆ ಬಂದವು. ಸುಮಾರು 9,000 ಲೆಕ್ಕಿಗರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿಗಳು. ಒಂದು ಪಹಣಿಗಾಗಿ ರೈತನು ಅವರನ್ನು ಹುಡುಕಿಕೊಂಡು ದಿನಗಟ್ಟಲೆ ಅಲೆಯುವುದು, ಕೈ ಬೆಚ್ಚಗೆ ಮಾಡುವುದು ಹೊಸ ಸಂಗತಿಯೇನೂ ಆಗಿರಲಿಲ್ಲ.

ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯತ್ನ ಕೇಂದ್ರ ಸರ್ಕಾರದ ಹಣದಿಂದ 1991ರಲ್ಲಿ ಅಂದಿನ ಗುಲ್ಬರ್ಗ ಜಿಲ್ಲೆಯಲ್ಲಿ ಆರಂಭವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ ಫಲ ಕೈಗೆ ಹತ್ತಲಿಲ್ಲ. ಕಾರಣ ಬಹು ಸರಳ. ಜಮೀನಿನ ಲೆಕ್ಕ ನಿಂತ ನೀರಲ್ಲ. ಇಂದು ತಂದೆ ತೀರಿಕೊಳ್ಳುತ್ತಾನೆ, ನಾಳೆ ಮಕ್ಕಳು ಪಾಲಾಗುತ್ತಾರೆ, ನಾಡಿದ್ದು ಒಬ್ಬನು ತನ್ನ ಭಾಗವನ್ನು ಮಾರುತ್ತಾನೆ. ಈ ಬದಲಾವಣೆಗಳು ದಾಖಲಾಗುವುದು ತಾಲ್ಲೂಕಿನಲ್ಲಿ. ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಯೋಜನೆಯಲ್ಲಿರಲಿಲ್ಲ. ಲಕ್ಷಾಂತರ ಹೆಸರುಗಳನ್ನು ತುಂಬಿದ್ದಾಯಿತು. ತುಂಬಿ ಮುಗಿಯುವಷ್ಟರಲ್ಲಿ ಅವು ಹಳಸಿದ್ದವು. ಕೈಬರಹದ ಪುಸ್ತಕ ಮುಂದೆ ನಡೆಯಿತು, ಯಂತ್ರದ ಪುಸ್ತಕ ನಿಂತಲ್ಲೇ ನಿಂತಿತು. ಒಂದು ಹೊಲಕ್ಕೆ ಎರಡು ಲೆಕ್ಕ! ಅಂಥ ಲೆಕ್ಕವನ್ನು ನಂಬುವವರಾರು?

ದುಡ್ಡು ಹೋಯಿತೆಂದು ಕೈಚೆಲ್ಲಿ ಕುಳಿತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಈ ಶತಮಾನದ ಹೊಸ್ತಿಲಲ್ಲಿ ಕಂದಾಯ ಇಲಾಖೆ ‘ಭೂಮಿ’ ಎಂಬ ಹೆಸರಿನಲ್ಲಿ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು. ಮುಂದಾಳಾಗಿ ನಿಂತವರು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಈ ಬಾರಿ ಇಡೀ ನಾಡಿಗೆ ಒಮ್ಮೆಲೇ ನೀರು ಹಾಯಿಸುವ ಆತುರ ಕಾಣಲಿಲ್ಲ. ಮೊದಲು ಬೆರಳೆಣಿಕೆಯ ತಾಲ್ಲೂಕುಗಳು; ಅವುಗಳಲ್ಲಿ ಪಾಂಡವಪುರದ ಜಿಲ್ಲೆಯೇ ಆದ ಮಂಡ್ಯದ ಮದ್ದೂರೂ ಒಂದು. ಆಮೇಲೆ ಜಿಲ್ಲೆಗೊಂದು ತಾಲ್ಲೂಕು. ಕೊನೆಗೆ 177 ಕೇಂದ್ರಗಳು, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು.

ಹಳೆಯ ಸೋಲು ಹೊಸ ಕಟ್ಟಡದ ಅಡಿಗಲ್ಲಾಯಿತೆಂಬುದು ಗಮನಿಸತಕ್ಕ ಮಾತು. ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂದಿತು. ತುಂಬಿದ ದಾಖಲೆಗಳನ್ನು ಮುದ್ರಿಸಿ, ಮೂಲ ಪುಸ್ತಕದೊಡನೆ ತಾಳೆ ನೋಡಿ ತಿದ್ದುವ ಹೊಣೆ ಗ್ರಾಮಲೆಕ್ಕಿಗರ ಮೇಲೆ ಬಿದ್ದಿತು. ತಾಲ್ಲೂಕಿನ ಕೇಂದ್ರ ಆರಂಭವಾದೊಡನೆ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಎರಡು ಲೆಕ್ಕದ ಪೀಡೆ ತೊಲಗಿತು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿ ಗೊತ್ತಾಯಿತು. ಯಾರು ತಿದ್ದಿದರೆಂದು ತಿಳಿಯುವಂತೆ ನೌಕರರ ಬೆರಳಚ್ಚು ಕಡ್ಡಾಯವಾಯಿತು. ಇವೆಲ್ಲಕ್ಕಿಂತ ಚೆಲುವಾದ ಏರ್ಪಾಡು ಮತ್ತೊಂದು: ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೆ ಮುಖಮಾಡಿ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗಿನವನು ಏನು ಕಾಣುತ್ತಾನೋ ಹೊರಗಿನವನೂ ಅದನ್ನೇ ಕಾಣುವನು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು.

ಹಾಗೆಂದು ತಪ್ಪುಗಳೆಲ್ಲ ಮಾಯವಾದವೆ? ಇಲ್ಲ. ಯಂತ್ರ ಹೊಸ ತಪ್ಪನ್ನು ತಡೆದರೂ ಹಳೆಯ ತಪ್ಪನ್ನು ನಿಷ್ಠೆಯಿಂದ ನಕಲು ಮಾಡಿತು. ಪಹಣಿಯ ಮೂರನೆಯ ಕಾಲಂನಲ್ಲಿ ಹೊಲದ ಒಟ್ಟು ವಿಸ್ತೀರ್ಣ. ಒಂಬತ್ತನೆಯದರಲ್ಲಿ ಒಡೆಯರ ಹೆಸರು, ಅವರವರ ಪಾಲು. ಎರಡೂ ಕಡೆಯ ಮೊತ್ತ ಒಂದೇ ಆಗಬೇಕು. ಅಳತೆಯಿಲ್ಲದೆ ಪಾಲು ಮಾಡಿಕೊಂಡ, ಬಾಯಿಮಾತಿನ ಗುಂಟೆಗಳನ್ನು ಕ್ರಯಪತ್ರಕ್ಕೆ ಏರಿಸಿದ ಕಡೆಗಳಲ್ಲಿ ಈ ಲೆಕ್ಕ ಕೂಡಿಬರಲಿಲ್ಲ. ಮಸುಕು ಶಾಯಿಯಲ್ಲಿ ತಲೆಮರೆಸಿಕೊಂಡಿದ್ದ ವ್ಯತ್ಯಾಸ ಅಚ್ಚಿನ ಅಕ್ಷರದಲ್ಲಿ ಎದ್ದು ನಿಂತಿತು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬ್ಯಾಂಕಿನ ಬಾಗಿಲು ಮುಚ್ಚುವುದು. ಅದನ್ನು ತಿದ್ದಿಸಲು ಅರ್ಜಿ, ವಿಚಾರಣೆ, ಮತ್ತೆ ಅಲೆದಾಟ. ಮದ್ದೂರಿನ ಪ್ರಯೋಗದ ದಿನಗಳಲ್ಲಿ ಲೆಕ್ಕಿಗನೊಬ್ಬನು ಕೆಂಪು ಗೀಟಿನಲ್ಲಿ ತಿದ್ದಬಹುದಾಗಿದ್ದ ತಪ್ಪು ನಾಡಿನ ತುಂಬ ಹರಡಿದ ಮೇಲೆ ರೈತನ ಒಂದು ವರ್ಷದ ಬೆಳೆಸಾಲವನ್ನೇ ನುಂಗಬಲ್ಲದು. ತಪ್ಪಿನ ಬೆಲೆ ತಪ್ಪಿನ ಗಾತ್ರದಿಂದ ಗೊತ್ತಾಗುವುದಿಲ್ಲ, ಅದು ಎಷ್ಟು ದೂರ ಹರಿಯಿತು ಎಂಬುದರಿಂದ ಗೊತ್ತಾಗುತ್ತದೆ.

ಆದ್ದರಿಂದ ‘ಭೂಮಿ’ಯ ಕೆಲಸ ಒಮ್ಮೆ ಒಪ್ಪಿಸಿ ಮುಗಿಸಿದ ಕೆಲಸವಾಗಲಿಲ್ಲ. ಹೊಲದ ಒಂದು ಭಾಗವನ್ನು ಮಾರುವ ಮುನ್ನ ಭೂಮಾಪಕರ 11-ಇ ನಕ್ಷೆ ಇರಲೇಬೇಕೆಂಬ ನಿಯಮ ಬಂದಿತು. ಅಳತೆಗಾಗಿ ‘ಮೋಜಿಣಿ’, ನೋಂದಣಿಗಾಗಿ ‘ಕಾವೇರಿ’ ಎಂಬ ಸಾಫ್ಟ್‌ವೇರುಗಳು ಬಂದು ‘ಭೂಮಿ’ಯೊಡನೆ ಕೂಡಿಕೊಂಡವು. ಹಳೆಯ ತಪ್ಪುಗಳಿಗಾಗಿ ಕಂದಾಯ ಅದಾಲತ್ತುಗಳು ನಡೆದವು. ಒಂದೊಂದು ಹೆಜ್ಜೆಯೂ ಹಿಂದಿನ ಹೆಜ್ಜೆ ತೋರಿಸಿದ ಹಳ್ಳವನ್ನು ಮುಚ್ಚುವುದಕ್ಕೆ ಇಟ್ಟದ್ದು.

ಸಾಫ್ಟ್‌ವೇರ್ ಕಟ್ಟುವ ತರುಣ ತರುಣಿಯರು ಇಂದು ಪಟ್ಟಣದ ಮನೆಮನೆಯಲ್ಲೂ ಇದ್ದಾರೆ. ಒಪ್ಪಿಸಿದ ಕೆಲಸದಲ್ಲಿ ಗಿರಾಕಿ ತಪ್ಪು ತೋರಿಸಿದನೆಂದು ರಾತ್ರಿಯ ಊಟ ಬಿಟ್ಟವರೂ ಅವರಲ್ಲಿ ಉಂಟು. ಅಂಥವರು ಅರಿಯಬೇಕಾದುದಿಷ್ಟೆ: ಬೇಗನೆ ಕಂಡುಬಂದ ತಪ್ಪು ಅವಮಾನವಲ್ಲ, ಉಳಿತಾಯ. ತಪ್ಪು ತೋರಿಸುವವನ ಕಡೆಗೆ ಪರದೆಯನ್ನು ತಿರುಗಿಸಿಡುವ ಧೈರ್ಯ ಇದ್ದವನಿಗೇ ಕೆಲಸ ಕೈಗೂಡುವುದು.

ಮನೆಯ ಹಿರಿಯರಿಗೂ ಒಂದು ಕೆಲಸ ಉಳಿದಿದೆ. ಊರಿನ ಜಮೀನಿನ ಪಹಣಿ ಪೆಟ್ಟಿಗೆಯಲ್ಲಿದ್ದರೆ ಈ ಭಾನುವಾರ ಅದನ್ನು ಹೊರತೆಗೆದು, ಹೆಸರಿನ ಅಕ್ಷರಗಳನ್ನು ಓದಿ, ಮೂರನೆಯ ಕಾಲಂನ್ನೂ ಒಂಬತ್ತನೆಯದನ್ನೂ ಕೂಡಿ ನೋಡುವುದು ಒಳ್ಳೆಯದು. ಮಕ್ಕಳು ಪಾಲು ಕೇಳುವ ದಿನ ಕಾಣುವ ತಪ್ಪಿಗಿಂತ ಇಂದು ಕಂಡ ತಪ್ಪು ಹಗುರ.