ನ್ಯಾನೋ ಲೇಸರ್: ಯಾರ ಕೋಣೆಯ ಉಷ್ಣತೆಗೆ?

ಲೇಸರ್ ಎಂದೊಡನೆ ಕಣ್ಣಿನ ಆಸ್ಪತ್ರೆಯೋ ಮೂಲವ್ಯಾಧಿ ಚಿಕಿತ್ಸೆಯ ಬೋರ್ಡೋ ನಿಮಗೆ ನೆನಪಾಗುತ್ತದೆ. ಈಗ ಅದಕ್ಕೊಬ್ಬ ತಮ್ಮ ಹುಟ್ಟಿದ್ದಾನೆ. ಹೆಸರು ನ್ಯಾನೋ ಲೇಸರ್. ಕೋಣೆಯ ಉಷ್ಣತೆಯಲ್ಲೇ ಸ್ಥಿರವಾಗಿ ಬೆಳಗುವ ಇಂಥ ಲೇಸರಿನ ಸುದ್ದಿ ಆಗಾಗ ಬರುತ್ತಿದೆ. ಇದರಿಂದ ರೋಗಿಗೇನು ಲಾಭ?

ಬಲ್ಬಿನ ಬೆಳಕು ಎಲ್ಲ ದಿಕ್ಕಿಗೂ ಚೆದರುತ್ತದೆ. ಲೇಸರ್ ಬೆಳಕು ಒಂದೇ ಬಣ್ಣದ್ದು. ಅದರ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಗುತ್ತವೆ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಮಾಡಿದರು. 1962ರಲ್ಲಿ ಅರೆವಾಹಕದ ಪುಟ್ಟ ಲೇಸರ್ ಬಂತು. ಆದರೆ ಅದನ್ನು ದ್ರವ ಸಾರಜನಕದಿಂದ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ತಣ್ಣಗಿಡಬೇಕಿತ್ತು. 1970ರಲ್ಲಿ ಅದು ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗಿತು. ಆಮೇಲೆಯೇ ಅದು ಸಿ.ಡಿ. ಪ್ಲೇಯರಿಗೂ ದೂರವಾಣಿ ಜಾಲಕ್ಕೂ ಕಣ್ಣಿನ ವೈದ್ಯರ ಸಣ್ಣ ಯಂತ್ರಕ್ಕೂ ಬಂದದ್ದು.

ಇನ್ನೂ ಚಿಕ್ಕದು ಮಾಡುವುದೇಕೆ ಕಷ್ಟ? ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700. ಅದಕ್ಕಿಂತ ಚಿಕ್ಕ ಜಾಗದಲ್ಲಿ ಬೆಳಕನ್ನು ಕೂಡಿಹಾಕುವುದೆಂದರೆ ಆನೆಯನ್ನು ಕುರಿದೊಡ್ಡಿಗೆ ನೂಕಿದಂತೆ. ಚಿನ್ನ, ಬೆಳ್ಳಿಯಂಥ ಲೋಹದ ನೆರವಿನಿಂದ ಇದು ಸಾಧ್ಯ. ಆದರೆ ಲೋಹ ಬೆಳಕನ್ನು ನುಂಗಿ ಕಾಯುತ್ತದೆ. ಕಾದಂತೆ ಲೇಸರ್ ಸೊರಗುತ್ತದೆ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಚಿನ್ನದ ಕಣವೊಂದರ ಸುತ್ತ ಬಣ್ಣ ಬೆರೆಸಿದ ಸಿಲಿಕಾ ಕವಚ ತೊಡಿಸಿ, 44 ನ್ಯಾನೋಮೀಟರ್ ಗಾತ್ರದ ಲೇಸರನ್ನು ಬೆಳಗಿಸಿ ತೋರಿಸಿದರು. 2017ರಲ್ಲಿ ಇಂಥದೇ ಕಣಗಳನ್ನು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಜೀವಕೋಶಗಳ ಮೇಲೆ ಬಳಸಿ ನೋಡಲಾಯಿತು.

ಮುಂದೆ ಒಂದು ಹನಿ ರಕ್ತದಲ್ಲಿ ಅಡಗಿದ ಕೆಲವೇ ಕ್ಯಾನ್ಸರ್ ಕೋಶಗಳನ್ನೋ ರೋಗಾಣುಗಳನ್ನೋ ಅಂಗೈಯಗಲದ ಯಂತ್ರ ಪತ್ತೆ ಹಚ್ಚಬಹುದೆಂಬ ಆಸೆ ಇದರ ಹಿಂದಿದೆ. ಹೈದರಾಬಾದಿಗೋ ಕಲಬುರಗಿಗೋ ಓಡುವ ನಮ್ಮ ಜನರಿಗೆ ಇದು ಸಣ್ಣ ಮಾತಲ್ಲ.

ಆದರೆ ನನ್ನ ಪ್ರಶ್ನೆ ಬೇರೆ. ಕೋಣೆಯ ಉಷ್ಣತೆ ಎಂದರೆ ಯಾರ ಕೋಣೆ? ವಿಜ್ಞಾನಿಗಳ ಲೆಕ್ಕದಲ್ಲಿ ಅದು 20ರಿಂದ 25 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ನೌಬಾದದಲ್ಲಿ ಪಾದರಸ 40 ದಾಟುತ್ತದೆ. ಕರೆಂಟು ಹೋದಾಗ ಔರಾದಿನ ಪತ್ರಾಸಿನ ಮನೆಯೊಳಗೆ ಹೇಗಿರುತ್ತದೆಂದು ಅಲ್ಲಿ ಮಲಗಿದವರಿಗೇ ಗೊತ್ತು. ಇವತ್ತಿನ ಸಾಮಾನುಗಳದೂ ಇದೇ ಕಥೆ. ಸಕ್ಕರೆ ಪರೀಕ್ಷೆಯ ಎಷ್ಟೋ ಪಟ್ಟಿಗಳ ಡಬ್ಬಿಯ ಮೇಲೆ 30 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ. ಫ್ರಿಜ್ ಇಲ್ಲದವರಿಗೆ ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನ ಮೇಲಿನ ಮಣ್ಣಿನ ಗಡಿಗೆಯಲ್ಲಿಡಿ ಎನ್ನುತ್ತೇವೆ. ತಂಪು ಜಾಗ ಇದ್ದವರಿಗೆ ಮಾತ್ರ ಸರಿಯಾದ ವೈದ್ಯ ದಕ್ಕುತ್ತದೆ ಎಂದಾಗಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ಶುರುವಾಯಿತು. ಬೆಳಕಿನಿಂದ ಕೆಲಸ ಮಾಡುವ ಚಿಪ್ಪುಗಳ ಸಂಶೋಧನೆಯೂ ಅಲ್ಲಿದೆ. ಇಂಥ ಸಂಸ್ಥೆಗಳಿಗೂ ಯಂತ್ರ ಕೊಳ್ಳುವ ಸರಕಾರಕ್ಕೂ ನನ್ನದೊಂದೇ ಬಿನ್ನಹ: ಹೊಸ ಉಪಕರಣವನ್ನು ಒಪ್ಪಿಕೊಳ್ಳುವ ಮೊದಲು ಮೇ ತಿಂಗಳಲ್ಲಿ ಭಾಲ್ಕಿಯ ಯಾವುದಾದರೂ ಹಳ್ಳಿಯಲ್ಲಿಟ್ಟು ಪರೀಕ್ಷಿಸಿ.

ಓದುಗರಿಗೆ ಎರಡು ಮಾತು. ನ್ಯಾನೋ ಲೇಸರಿನಿಂದ ರೋಗ ಗುಣಪಡಿಸುತ್ತೇವೆಂದು ಯಾರಾದರೂ ಬೋರ್ಡು ಹಾಕಿದರೆ ನಂಬಬೇಡಿ. ಅದಿನ್ನೂ ಪ್ರಯೋಗಾಲಯದ ಹೊಸ್ತಿಲು ದಾಟಿಲ್ಲ. ಇನ್ನೊಂದು, ಹಳೆಯ ಲೇಸರನ್ನು ಮರೆಯಬೇಡಿ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಡುತ್ತಿರುವಾಗ ಸಕಾಲಕ್ಕೆ ಲೇಸರ್ ಕೊಟ್ಟರೆ ಇರುವ ದೃಷ್ಟಿ ಉಳಿಯುತ್ತದೆ. ಹೋದದ್ದು ಮರಳುವುದು ಅಪರೂಪ. ಮೊದಮೊದಲು ನೋವೂ ಇರುವುದಿಲ್ಲ, ಮಂಜೂ ಇರುವುದಿಲ್ಲ. ಆದ್ದರಿಂದ ಸಕ್ಕರೆ ಇರುವವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ತಪಾಸಣೆ ಮಾಡಿಸಿಕೊಳ್ಳಿ.