ಒಮ್ಮೆ ನೆಟ್ಟರೆ ಪ್ರತಿ ವರ್ಷ ಹೂವು: ಹಿಮ ಬೀಳುವ ಊರಿನಲ್ಲಿ ಈ ಮಾತು ಎಷ್ಟು ನಿಜ?

"ಪೆರೆನಿಯಲ್ ಗಿಡ ತನ್ನಿ, ಒಮ್ಮೆ ನೆಟ್ಟರೆ ಸಾಕು, ಪ್ರತಿ ವರ್ಷ ತಾನಾಗಿಯೇ ಹೂ ಬಿಡುತ್ತದೆ." ಅಮೆರಿಕ, ಕೆನಡಾಗಳಲ್ಲಿ ಮನೆ ಮಾಡಿರುವ ನಮ್ಮವರಿಗೂ ಈ ಸಲಹೆ ಸಿಗುತ್ತಿರುತ್ತದೆ. ನಂಬಿ ದುಡ್ಡು ಸುರಿದ ಮೇಲೆ, ಚಳಿಗಾಲ ಕಳೆದರೂ ಗಿಡ ಚಿಗುರದಿದ್ದರೆ? ಈ ಮಾತು ಅರ್ಧ ಸತ್ಯ ಮಾತ್ರ. ಏಕೆಂದು ನೋಡೋಣ.

ಬಹುವಾರ್ಷಿಕ ಎಂದರೆ ಚಳಿ ತಡೆಯುತ್ತದೆ ಎಂದೇ?

ಅಲ್ಲ. ಮಲೆನಾಡಿನ ಡೇರೆ ಹೂವನ್ನೇ ನೋಡಿ. ನಮ್ಮಲ್ಲಿ ಅದರ ಗೆಡ್ಡೆ ಮಳೆಗಾಲದಲ್ಲಿ ಮತ್ತೆ ಚಿಗುರುತ್ತದೆ. ಅದೇ ಗೆಡ್ಡೆಯನ್ನು ಮಿನ್ನೆಸೋಟಾದಲ್ಲಿ ನೆಲದಲ್ಲೇ ಬಿಟ್ಟರೆ ಹೆಪ್ಪುಗಟ್ಟಿ ಕೊಳೆಯುತ್ತದೆ. ಹಾಗಾಗಿ ಅಲ್ಲಿನವರು ಅದನ್ನು ಅಗೆದು ಒಳಗಿಡುತ್ತಾರೆ.

ಗಿಡ ಕೊಳ್ಳುವಾಗ ನೋಡಬೇಕಾದದ್ದು ಚೀಟಿಯಲ್ಲಿರುವ ವಲಯ ಸಂಖ್ಯೆ, ಅಂದರೆ 'ಝೋನ್'. ಅಮೆರಿಕದ ಕೃಷಿ ಇಲಾಖೆ ಪ್ರತಿ ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿ ತೆಗೆದು ದೇಶವನ್ನು 13 ವಲಯಗಳಾಗಿ ವಿಂಗಡಿಸಿದೆ. ಈ ನಕ್ಷೆ 2023ರಲ್ಲಿ ಪರಿಷ್ಕರಣೆಯಾಗಿದೆ. 4ನೇ ವಲಯ ಎಂದರೆ ಸುಮಾರು ಮೈನಸ್ 34ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್. ನಿಮ್ಮ ಊರು 4ನೇ ವಲಯದಲ್ಲಿದ್ದರೆ, 6 ಎಂದು ಬರೆದಿರುವ ಗಿಡ ಬೇಡ. 4 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯದನ್ನು ಆರಿಸಿ. ಕುಂಡದಲ್ಲಿ ಬೇರಿಗೆ ಚಳಿ ಹೆಚ್ಚು ತಗಲುತ್ತದೆ, ಆದ್ದರಿಂದ ಇನ್ನೂ ಗಟ್ಟಿ ಗಿಡವೇ ಬೇಕು.

ಬಿಸಿಲಿಗೆ ಯಾವುದು, ನೆರಳಿಗೆ ಯಾವುದು?

ದಿನಕ್ಕೆ 6 ಗಂಟೆಗೂ ಹೆಚ್ಚು ನೇರ ಬಿಸಿಲು ಬೀಳುವ ಪಾತಿಗೆ ಪಿಯೋನಿ, ಕೋನ್‌ಫ್ಲವರ್, ಡೇಲಿಲಿ ಒಗ್ಗುತ್ತವೆ. ನೆರಳಿನ ಪಾತಿಗೆ ಹೋಸ್ಟಾ, ಬ್ಲೀಡಿಂಗ್ ಹಾರ್ಟ್, ಲೇಡಿ ಫರ್ನ್ ಸರಿ. ಲಿಲಿ ಆಫ್ ದಿ ವ್ಯಾಲಿಯೂ ನೆರಳಲ್ಲಿ ಸೊಂಪಾಗಿ ಹಬ್ಬುತ್ತದೆ, ಆದರೆ ಅದರ ಎಲೆ, ಹೂ, ಹಣ್ಣು ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಬಿಸಿಲಿನ ಲೆಕ್ಕವನ್ನು ಏಪ್ರಿಲ್‌ನಲ್ಲಿ ಹಾಕಬೇಡಿ. ಆಗ ಬೋಳಾಗಿದ್ದ ಮರ ಜೂನ್ ಹೊತ್ತಿಗೆ ಎಲೆ ತುಂಬಿ, ಅದೇ ಜಾಗ ನೆರಳಾಗಿರುತ್ತದೆ.

ಹಿಮ ಗಿಡವನ್ನು ಕೊಲ್ಲುತ್ತದೆಯೇ?

ಗಟ್ಟಿ ಗಿಡಗಳಿಗೆ ಹಿಮದ ಹೊದಿಕೆ ಕಂಬಳಿ ಇದ್ದಂತೆ. ನಿಜವಾದ ಅಪಾಯ, ನೆಲ ಪದೇ ಪದೇ ಹೆಪ್ಪುಗಟ್ಟಿ ಕರಗುವುದು. ಆಗ ಬೇರು ಮೇಲಕ್ಕೆದ್ದು ಒಣಗುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ಬುಡಕ್ಕೆ ಒಣ ಎಲೆ ಅಥವಾ ಹುಲ್ಲು ಹೊದಿಸಿದರೆ ಇದು ಕಡಿಮೆಯಾಗುತ್ತದೆ.

ಹೋಸ್ಟಾದಂಥ ಗಿಡಗಳು ತಡವಾಗಿ ಚಿಗುರುತ್ತವೆ. ಬರೀ ಮಣ್ಣು ಕಂಡಿತೆಂದು ಸತ್ತಿದೆ ಎಂದು ಕಿತ್ತೆಸೆಯಬೇಡಿ.

ಒಟ್ಟಿನಲ್ಲಿ, ಒಮ್ಮೆ ನೆಟ್ಟ ಗಿಡ ಮತ್ತೆ ಹೂ ಬಿಡುವುದು ನಿಜ. ಆದರೆ ವಲಯ, ಬಿಸಿಲು ಎರಡೂ ಹೊಂದಿದರೆ ಮಾತ್ರ. ಆ ಸಲಹೆಯನ್ನು ಮುಂದಕ್ಕೆ ಕಳಿಸುವಾಗ ಈ ಎರಡು ಮಾತನ್ನೂ ಸೇರಿಸಿ ಕಳಿಸಿ.